ಯಶಾರನ ಜಮಖಾನ

ಎಶ್ಮೆ ಪಟ್ಟಣದ ಕಡೆಯ ಒಂದು ಬೆಟ್ಟದೂರಿನಲ್ಲಿ ಯಾರಾದರೂ ತೀರಿಕೊಂಡರೆ ಶವಪೆಟ್ಟಿಗೆಯ ಮೇಲೆ ಮನೆಯಲ್ಲೇ ನೇಯ್ದ ಜಮಖಾನ ಹೊದಿಸಬೇಕು, ಮಣ್ಣಾದ ಮೇಲೆ ಅದನ್ನು ಮಸೀದಿಗೆ ಕೊಡಬೇಕು. ಅತ್ತೆ ಮಾವ ಇಬ್ಬರಿಗೂ ಹನೀಫೆಯೇ ನೇಯ್ದಿದ್ದಳು. ಹಾಗಾಗಿ ಗಂಡ ಯಶಾರನ ಎದೆ ಪರೀಕ್ಷಿಸಿದ ಪಟ್ಟಣದ ವೈದ್ಯರು ದ್ರಾಕ್ಷಿ ಕೊಯ್ಲಿನ ತನಕ ಇದ್ದರೆ ಹೆಚ್ಚು ಎಂದಾಗ, ಅವಳು ಮನೆಗೆ ಬಂದು ಮೊದಲು ಮಾಡಿದ ಕೆಲಸ ಮಗ್ಗಕ್ಕೆ ಹಾಸಿನ ನೂಲು ಕಟ್ಟಿದ್ದು. ಅಳುವುದಕ್ಕೆ ಆಮೇಲೂ ಸಮಯವಿತ್ತು, ಜಮಖಾನಕ್ಕೆ ಇರಲಿಲ್ಲ.

ಮನೆಯಲ್ಲಿ ಬೆಚ್ಚಗಿನ ಕೋಣೆ ಒಂದೇ. ಮಗ್ಗವೂ ಅಲ್ಲೇ, ಯಶಾರನ ಹಾಸಿಗೆಯೂ ಅಲ್ಲೇ. ತನ್ನ ಜಮಖಾನ ಬೆಳೆಯುವುದನ್ನು ಅವನು ದಿನವೂ ಮಲಗಿಕೊಂಡೇ ನೋಡಬೇಕಾಯಿತು. ಮೊದಮೊದಲು ಗೋಡೆಯ ಕಡೆ ತಿರುಗುತ್ತಿದ್ದ. ಆಮೇಲೆ ಬಾಯಿ ಹಾಕತೊಡಗಿದ.

“ಆ ಹಳದಿ ಬೇಡ ಕಣೇ, ಕಣ್ಣಿಗೆ ಹೊಡೆಯುತ್ತೆ.”

“ನಿನ್ನ ಕಣ್ಣಿಗೇನೂ ಹೊಡೆಯಲ್ಲ ಬಿಡು. ಆಗ ನೀನು ಒಳಗಿರ್ತೀಯ, ಇದು ಮೇಲಿರುತ್ತೆ.”

ಅವನು ಸ್ವಲ್ಪ ಯೋಚಿಸಿ, ಆದರೂ ಜನ ನೋಡುತ್ತಾರಲ್ಲ ಎಂದ. ಅದು ಸರಿಯೆನಿಸಿ ಹನೀಫೆ ಹಳದಿ ಬಿಚ್ಚಿ ಕಂದು ನೂಲು ಹಾಕಿದಳು. ಅಲ್ಲಿಂದ ಮುಂದೆ ಬಣ್ಣದ ವಿಷಯದಲ್ಲಿ ಅವನದೇ ಮಾತು. ಎದ್ದು ಕೂತು ನೂಲಿನ ಉಂಡೆ ಸುತ್ತಿಕೊಟ್ಟ. ಗಂಜಿ ಇನ್ನೊಂದು ಬಟ್ಟಲು ಕೇಳಿದ. ಅವಳು ಜಮಖಾನವನ್ನು ಕತ್ತರಿಸಿ ಮಗ್ಗದಿಂದ ಇಳಿಸಿದ ದಿನ ಯಶಾರ್ ತೋಟದಲ್ಲಿ ದ್ರಾಕ್ಷಿಯ ಬುಟ್ಟಿ ಹೊರುತ್ತಿದ್ದ.

ಹನೀಫೆಗೆ ಮೊದಲು ಬಂದದ್ದು ಸಿಟ್ಟು. ಬೇಸಿಗೆಯಿಡೀ ಬೆರಳು ಸವೆಸಿದ್ದಳು. ಸಂಜೆ ಅವನು ದ್ರಾಕ್ಷಿ ಜಗಿಯುತ್ತ ಒಳಗೆ ಬಂದಾಗ ಬೈಯಬೇಕೆಂದು ಬಾಯಿ ತೆರೆದಳು, ಅಳು ಬಂತು. ಇದು ಹೇಗಾಯಿತೆಂದು ವೈದ್ಯರನ್ನು ಕೇಳಿದರೆ ತಮಗೂ ತಿಳಿಯದು ಎಂದರು.

ಜಮಖಾನವನ್ನೇನು ಮಾಡುವುದು? ಬದುಕಿರುವವನ ಹೆಸರಲ್ಲಿ ಮಸೀದಿಗೆ ಕೊಡುವಂತಿಲ್ಲ. ಮನೆಯಲ್ಲಿ ಹಾಸಿದರೆ ಅಪಶಕುನ, ಸಂದೂಕದಲ್ಲಿಡು ಎಂದರು ನೆರೆಯ ಹೆಂಗಸರು. ಸಂದೂಕದಲ್ಲಿಟ್ಟರೆ ನುಸಿ ಹಿಡಿಯುತ್ತದೆ ಎಂದಳು ಹನೀಫೆ. ಮಾತು ಮುಗಿಯುವ ಮೊದಲೇ ಯಶಾರ್ ಅದನ್ನು ಕೊಡವಿ, ಕಿಟಕಿ ಪಕ್ಕದ ದಿವಾನದ ಮೇಲೆ ಹಾಸಿ, ಕಾಲು ಚಾಚಿ ಕೂತ.

“ನನಗೇ ತಾನೇ ನೇಯ್ದಿದ್ದು? ಚಹಾ ಕೊಡು.”

ಬೆಳಕು ಬೀಳುವ ಜಾಗ. ಸುಣ್ಣದ ಗೋಡೆಯ ಪಕ್ಕ ಯಶಾರ್ ಆರಿಸಿದ ಆ ಕೆಂಪು, ಆ ಕಂದು ಚೆನ್ನಾಗಿಯೇ ಒಪ್ಪಿತು. ಅಪಶಕುನ ಎಂದಿದ್ದ ಹೆಂಗಸರೇ ಅಳತೆ, ವಿನ್ಯಾಸ ತೆಗೆದುಕೊಂಡು ಹೋದರು. ಆಮೇಲಿನ ಮದುವೆಗಳಲ್ಲಿ ಮದುಮಗಳ ಸಾಮಾನಿನ ಜೊತೆ ಅದೇ ವಿನ್ಯಾಸ ಹೋಯಿತು. ಊರಿನ ಅರ್ಧ ಮನೆಗಳ ದಿವಾನದ ಮೇಲೆ “ಯಶಾರನ ಸಾವು” ಹಾಸಿತ್ತು. ವಿನ್ಯಾಸಕ್ಕೆ ಬಿದ್ದ ಹೆಸರೇ ಅದು. ಯಶಾರನೂ ಬೇಸರ ಪಟ್ಟುಕೊಳ್ಳಲಿಲ್ಲ.

ಅವನು ತೀರಿಕೊಂಡದ್ದು ಎಷ್ಟೋ ವರ್ಷದ ಮೇಲೆ, ಮೊಮ್ಮಗನ ಮದುವೆ ಉಂಡು, ನಿದ್ದೆಯಲ್ಲಿ. ಅಷ್ಟು ಹೊತ್ತಿಗೆ ಜಮಖಾನ ನಡುವೆ ಸವೆದು ಹಾಸಿನ ನೂಲು ಕಾಣುತ್ತಿತ್ತು. ಸವೆದ ಕಡೆ ಒಳಗೆ ಮಡಿಸಿ ಪೆಟ್ಟಿಗೆಯ ಮೇಲೆ ಅದನ್ನೇ ಹೊದಿಸಿದರು. ಮಣ್ಣು ಮುಗಿಸಿ ಬಂದ ಇಮಾಮರು ಅದನ್ನು ಕಂಕುಳಲ್ಲಿ ಹಿಡಿದು ಬಾಗಿಲಲ್ಲಿ ನಿಂತರು. ಮಸೀದಿಗೆ ಈಗ ಗೋಡೆಯಿಂದ ಗೋಡೆಗೆ ಕಾರ್ಖಾನೆಯ ಕಾರ್ಪೆಟ್ ಬಂದಿದೆ, ಜಾಗವಿಲ್ಲ ಎಂದು ಮುಜುಗರದಿಂದ ಹೇಳಿದರು.

“ಬೇಜಾರು ಮಾಡ್ಕೋಬೇಡಮ್ಮ.”

“ಇಲ್ಲ ಇಮಾಮರೇ,” ಎಂದಳು ಹನೀಫೆ. “ಒಳ್ಳೇದೇ ಆಯ್ತು.”

ಒಗೆದು ಒಣಗಿಸಿ ಮತ್ತೆ ದಿವಾನದ ಮೇಲೆ ಹಾಸಿದಳು. ಅವನಿಗೆ ಚಹಾ ತಂದುಕೊಡುತ್ತ ಇಷ್ಟು ವರ್ಷದಲ್ಲಿ ಅವಳು ಅಲ್ಲಿ ಕೂತಿದ್ದೇ ಇಲ್ಲ. ಈಗ ಕೂತಳು. ಕಿಟಕಿಯಿಂದ ಬಾವಿ, ಚಹಾದಂಗಡಿ, ಹೋಗಿ ಬರುವವರೆಲ್ಲ ಕಾಣುತ್ತಿದ್ದರು. ಅವತ್ತು ಕತ್ತಲಾಗುವ ತನಕ ಅವಳು ಒಲೆ ಹಚ್ಚಲು ಏಳಲಿಲ್ಲ.