ಎರಡನೇ ನಫರ್

ನನ್ನನ್ನು ಯಾರಾದರೂ ‘ನಫರ್’ ಎಂದರೆ ಪಿತ್ತ ನೆತ್ತಿಗೇರುತ್ತಿತ್ತು. ಬಹರೈನಿನಲ್ಲಿ ಅದು ಬೈಗುಳವೇನೂ ಅಲ್ಲ. ನಫರ್ ಎಂದರೆ ಒಂದು ಆಳು, ಒಂದು ತಲೆ, ಅಷ್ಟೇ. ಹೋಟೆಲಿನಲ್ಲಿ ಬಿರಿಯಾನಿ ಹೇಳುವಾಗಲೂ ಎರಡು ನಫರ್, ವ್ಯಾನಿನಲ್ಲಿ ಸೀಟು ಕೇಳುವಾಗಲೂ ಎರಡು ನಫರ್. ಆದರೂ ಇಪ್ಪತ್ತೆರಡು ವರ್ಷ ಹಡಗಿನ ಕಾಗದಪತ್ರ ಮಾಡಿದ ಹೆಂಗಸು ನಾನು, ಊರಲ್ಲಿ ಎಲ್ಲರೂ ಮರ್ಯಾದೆಯಿಂದ ‘ಬಾಯಮ್ಮ’ ಎನ್ನುವ ಕ್ರಿಶ್ಚಿಯನ್ ಮನೆಯವಳು. ನನ್ನನ್ನು ಗೇಟಿನ ವಾಚ್‌ಮನ್ ಬಿರಿಯಾನಿ ಪ್ಲೇಟಿನ ಹಾಗೆ ಎಣಿಸುವುದೆಂದರೆ!

ಎಣಿಸುವುದಕ್ಕೊಂದು ಕಾರಣವಿತ್ತು. ನಮ್ಮ ಕಂಪನಿಯ ಗೋದಾಮುಗಳಿರುವುದು ಹಿದ್‌ನಲ್ಲಿ, ಬಂದರಿನ ಪಕ್ಕ. ಏಳು ಗಂಟೆಯೊಳಗೆ ಹಾಜರಿ ಯಂತ್ರಕ್ಕೆ ಹೆಬ್ಬೆಟ್ಟು ಒತ್ತಬೇಕು. ಆರೂವರೆಗೇ ಗೇಟಿನ ಮುಂದೆ ಅರ್ಧ ಕಿಲೋಮೀಟರ್ ಕಾರುಗಳು, ಒಂದೊಂದರಲ್ಲಿ ಒಬ್ಬೊಬ್ಬರೇ ಮಹಾರಾಜರು. ಇದನ್ನು ನೋಡಿ ಕಂಪನಿಯವರು ಪಕ್ಕದಲ್ಲಿ ಇನ್ನೊಂದು ಲೈನ್ ಮಾಡಿದರು, ಮೂರು ಜನ ಅಥವಾ ಹೆಚ್ಚು ಇರುವ ಕಾರುಗಳಿಗೆ ಮಾತ್ರ. ವಾಚ್‌ಮನ್ ಬಗ್ಗಿ ‘ಕಿತ್ನಾ ನಫರ್?’ ಎಂದು ಕೇಳುತ್ತಾನೆ, ಮೂರು ಎಂದರೆ ಒಳಗೆ ಬಿಡುತ್ತಾನೆ. ಅದಕ್ಕೆ ನಫರ್ ಲೈನ್ ಎಂದೇ ಹೆಸರಾಯಿತು.

ಮೊದಮೊದಲು, ಪೆಟ್ರೋಲಿನ ಜತೆ ಬ್ಯಾಟರಿಯಲ್ಲೂ ಸದ್ದಿಲ್ಲದೆ ಓಡುವ ಹೈಬ್ರಿಡ್ ಕಾರಿನವರಿಗೆ ಹಸಿರು ಸ್ಟಿಕ್ಕರ್ ಕೊಟ್ಟು, ಒಬ್ಬರೇ ಇದ್ದರೂ ಆ ಲೈನಿನಲ್ಲಿ ಬಿಡುತ್ತಿದ್ದರು. ಕೆಲವೇ ತಿಂಗಳಲ್ಲಿ ಅದೂ ತುಂಬಿ ತುಳುಕಿತು. ಆ ಸವಲತ್ತು ರದ್ದು ಎಂದು ನೋಟಿಸ್ ಹಚ್ಚಿದರು. ನೋಟಿಸ್ ಹಚ್ಚಿದರೇನಾಯಿತು, ಸ್ಟಿಕ್ಕರ್ ಗಾಜಿನ ಮೇಲೆ ಹಾಗೇ ಇತ್ತಲ್ಲ! ಹೈಬ್ರಿಡ್‌ನವರು ಕಿಟಕಿ ಕೂಡ ಇಳಿಸದೆ ಸದ್ದಿಲ್ಲದೆ ನುಗ್ಗುತ್ತಿದ್ದರು. ಪೆಟ್ರೋಲಿನವರೇನು ಕಡಿಮೆಯೇ? ಒಬ್ಬ ಮಹಾನುಭಾವ ಮಗಳ ಕರಡಿಗೊಂಬೆಗೆ ಬೆಲ್ಟ್ ಹಾಕಿ ತರುತ್ತಿದ್ದ. ಇನ್ನೊಬ್ಬ ಸೀಟಿಗೆ ಕೋಟು ತೊಡಿಸಿ ಅದರ ಮೇಲೊಂದು ಟೋಪಿ ಇಡುತ್ತಿದ್ದ. ಕೊನೆಗೆ ವಾಚ್‌ಮನ್‌ಗೇ ಸಾಕಾಗಿ, ಗೊಂಬೆಗೂ ಸಲಾಂ ಹೊಡೆದು ಕೈ ಬೀಸುತ್ತಿದ್ದ.

ಇಂಥವರ ನಡುವೆ ನಮ್ಮ ಕಾಕ ಒಬ್ಬರು. ಅರುವತ್ತರ ಹತ್ತಿರದ, ನಮ್ಮ ಕರಾವಳಿಯ ಬ್ಯಾರಿ ಮುಸಲ್ಮಾನರು, ನಮ್ಮ ಕಂಪನಿಯ ಸ್ಟೋರ್‌ಕೀಪರ್. ಉಮ್ ಅಲ್ ಹಸ್ಸಮ್‌ನಲ್ಲಿ ನಮ್ಮ ಹಿಂದಿನ ಗಲ್ಲಿಯಲ್ಲೇ ಮನೆ. ಅವರದು ಹೈಬ್ರಿಡ್ ಕಾರು. ನೋಟಿಸ್ ಹಚ್ಚಿದ ದಿನವೇ ಪಾರ್ಕಿಂಗಿನಲ್ಲಿ ನಿಂತು, ಬ್ಲೇಡಿನಿಂದ ಕೆರೆದು ಕೆರೆದು ಆ ಹಸಿರು ಸ್ಟಿಕ್ಕರ್ ತೆಗೆದ ಏಕೈಕ ಮನುಷ್ಯ ಅವರು. ಹದಿನೇಳು ವರ್ಷದಲ್ಲಿ ಒಂದು ದಿನವೂ ಲೇಟಾದವರಲ್ಲ. ಪ್ರತಿ ಜನವರಿ ‘ಕ್ಲೀನ್ ಕಾರ್ಡ್’ ಎಂದು ಅವರ ಹೆಸರು ಓದಿ ಒಂದು ಸರ್ಟಿಫಿಕೇಟ್ ಕೊಡುತ್ತಿದ್ದರು. ಅವೆಲ್ಲ ಸ್ಟೋರಿನ ಗೋಡೆಯಲ್ಲಿ ಸಾಲಾಗಿ ತೂಗುತ್ತಿದ್ದವು. ಹೊಸಬರು ಯಾರೇ ಬರಲಿ, ಮೊದಲು ಅದನ್ನು ತೋರಿಸಿ ಆಮೇಲೆ ಚಹಾ ಕೊಡುವುದು ಅವರ ಕ್ರಮ.

ಅವರ ಕಾರಿನಲ್ಲಿ ನಾವು ಮೂವರು: ಕಾಕ, ನಾನು, ಮತ್ತು ಹಾಜರಿ ನೋಡಿಕೊಳ್ಳುವ ವಿಭಾಗದ ಬೆಂಗಳೂರಿನ ಹುಡುಗಿ. ನಮ್ಮಿಬ್ಬರ ಮಾತು ಮೊದಲು ತುಳುವಿನಲ್ಲಿತ್ತು, ಅವಳು ಸೇರಿದ ಮೇಲೆ ಕನ್ನಡವಾಯಿತು. ವಾಚ್‌ಮನ್ ಕೇಳಿದಾಗ ಕಾಕ ಪರೀಕ್ಷೆಯ ಉತ್ತರ ಹೇಳುವವರ ಹಾಗೆ ‘ತೀನ್ ನಫರ್’ ಎನ್ನುತ್ತಿದ್ದರು. ನಾನು ಮುಖ ಗಂಟು ಹಾಕುತ್ತಿದ್ದೆ.

“ನಫರ್ ಅನ್ಬೇಡಿ ಕಾಕ, ನಮ್ಗೆ ಹೆಸ್ರಿಲ್ವಾ?”

“ಲೆಕ್ಕಕ್ಕೆ ಹೆಸ್ರು ಬೇಡ ಬಾಯಮ್ಮ, ತಲೆ ಸಾಕು,” ಎಂದು ನಗುತ್ತಿದ್ದರು.

ಆ ವರ್ಷ ನನಗೆ ಡಿಸೆಂಬರ್‌ನಲ್ಲಿ ರಜೆ ಬೇಕೇ ಬೇಕಿತ್ತು. ತೀರಿಹೋದ ನನ್ನ ತಂಗಿಯ ಮಗಳಿಗೆ ಮದುವೆ. ನಮ್ಮಲ್ಲಿ ಮದುವೆಯ ಮುಂಚಿನ ದಿನ ರೋಸ್ ಎಂದು ಮಾಡುತ್ತೇವೆ, ಹುಡುಗಿಯ ತಲೆಗೆ ತೆಂಗಿನಹಾಲು ಹಾಕಿ ಹರಸುವ ಶಾಸ್ತ್ರ. ತಾಯಿಯ ಜಾಗದಲ್ಲಿ ನಿಂತು ಹಾಲು ಹಾಕಬೇಕಾದವಳು ನಾನು. ‘ಮೌಶಿ, ನೀನು ಬಾರದಿದ್ದರೆ ನಂಗೆ ರೋಸೇ ಬೇಡ’ ಎಂದು ಹುಡುಗಿ ಫೋನಿನಲ್ಲಿ ಅತ್ತಿದ್ದಳು. ಕಂಪನಿಯ ನಿಯಮವೋ, ಮೂರು ಸಲ ಲೇಟಾದರೆ ರಜೆಯ ಪಟ್ಟಿಯಲ್ಲಿ ಕಟ್ಟಕಡೆಗೆ. ಡಿಸೆಂಬರ್ ರಜೆ ಕಟ್ಟಕಡೆಯವರಿಗೆ ಯಾವತ್ತೂ ಸಿಕ್ಕಿದ್ದಿಲ್ಲ. ನನಗೆ ಆಗಲೇ ಎರಡು ಲೇಟು. ಎರಡೂ ಕಾಕನ ಕಾರಿನ ದೆಸೆಯಿಂದಲೇ ಎಂದು ನಾನು ವಾದಿಸುತ್ತಿದ್ದೆ. ಅದು ಬಂದು ನಿಂತರೆ ಸದ್ದೇ ಇಲ್ಲ. ಹಾರ್ನ್ ಹೊಡೆಯಿರಿ ಎಂದರೆ ‘ಗಲ್ಲಿಯಲ್ಲಿ ಮಕ್ಕಳು ಮಲಗಿರ್ತಾರೆ’ ಎನ್ನುವರು. ಆ ಎರಡು ದಿನವೂ ಫೋನ್ ಮಾಡಿ ಕಾದು ಕಾದು, ಹೊತ್ತಾಯಿತೆಂದು ಹೊರಟೇಹೋಗಿದ್ದರು; ನಾನು ಟ್ಯಾಕ್ಸಿ ಹಿಡಿದು ತಲುಪುವಾಗ ಏಳು ದಾಟಿತ್ತು. ಫೋನ್ ನೋಡದೆ ಸೀರೆ ಪಿನ್ನು ಹುಡುಕುತ್ತಾ ಕುಳಿತದ್ದು ನಾನೇ ಎಂಬುದು ಬೇರೆ ಮಾತು.

ಹೀಗಿರುವಾಗ ಒಂದು ಬೆಳಿಗ್ಗೆ ಬೆಂಗಳೂರಿನ ಹುಡುಗಿಗೆ ಜ್ವರ. ಮೆಸೇಜ್ ನೋಡಿದ್ದೇ ನಾನೂ ತಲೆ ಎಣಿಸಿದೆ. ಇಬ್ಬರೇ ಆದರೆ ಉದ್ದದ ಸಾಲೇ ಗತಿ. ಏನು ಮಾಡಲಿ? ಕಪಾಟಿನಿಂದ ನನ್ನ ಚಳಿಯ ಜಾಕೆಟ್ ಎಳೆದು, ಒಳಗೆ ದಿಂಬು ತುರುಕಿ, ತಲೆಯ ಜಾಗಕ್ಕೆ ಟವೆಲಿನ ಉಂಡೆ ಇಟ್ಟು ಶಾಲು ಸುತ್ತಿದೆ. ಕಾಕನ ಕಾರು ಬಂದದ್ದೇ ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿ, ಏನೂ ಅರಿಯದವಳ ಹಾಗೆ ಮುಂದೆ ಬಂದು ಕುಳಿತೆ.

ಕಾಕ ಕನ್ನಡಿಯಲ್ಲಿ ನೋಡಿದರು.

“ಬಾಯಮ್ಮ, ಹಿಂದೆ ಕೂತದ್ದು ಯಾರು?”

“ನಮ್ಮ ಪೈಕಿಯವಳು.”

“ಸಿಪಿಆರ್ ಉಂಟಾ?”

ಸಿಪಿಆರ್ ಎಂದರೆ ಇಲ್ಲಿನ ಗುರುತಿನ ಕಾರ್ಡು. ಅದಿಲ್ಲದೆ ಇಲ್ಲಿ ಸಿಮ್ ಕೂಡ ಸಿಗುವುದಿಲ್ಲ. ಅವರು ಇಳಿದು ಹೋಗಿ, ಬೆಲ್ಟ್ ಬಿಚ್ಚಿ, ನಮ್ಮ ಪೈಕಿಯವಳನ್ನು ಮೆಲ್ಲನೆ ಎತ್ತಿ ಡಿಕ್ಕಿಯಲ್ಲಿ ಮಲಗಿಸಿ ಬಂದರು.

ಹಳೆಯ ಬಂದರು ಮೀನಾ ಸಲ್ಮಾನ್ ದಾಟಿ ಸೇತುವೆ ಹತ್ತುವಾಗ ಮುಂದೆ ಯಾವುದೋ ಎರಡು ಕಾರು ಮುಟ್ಟಿಕೊಂಡು ಎಲ್ಲರೂ ನಿಂತಿದ್ದರು. ಹಳದಿ ಗೆರೆಯಾಚೆಯ ಖಾಲಿ ಅಂಚಿನಲ್ಲಿ ಜನ ಭರ್ರೆಂದು ಹೋಗುತ್ತಿದ್ದರೆ ಕಾಕ ಸ್ಟೀರಿಂಗ್ ಹಿಡಿದು ಕುಳಿತೇ ಇದ್ದರು. ಹಿದ್‌ಗೆ ಬಂದಾಗ ಆರು ನಲವತ್ತೇಳು. ಗೇಟಿನಲ್ಲಿ ಟ್ರೇಲರ್ ಒಂದು ಸಿಕ್ಕಿಕೊಂಡು, ಸಾಲು ತಿರುವಿನವರೆಗೆ ಬೆಳೆದಿತ್ತು. ಪಕ್ಕದಲ್ಲಿ ನಫರ್ ಲೈನ್ ಖಾಲಿ ಖಾಲಿ. ಹಸಿರು ಸ್ಟಿಕ್ಕರಿನ ಹೈಬ್ರಿಡ್ ಒಂದು ಒಬ್ಬನೇ ಮಹಾರಾಜನನ್ನು ಹೊತ್ತು ನಮ್ಮ ಕಣ್ಣೆದುರೇ ಜಾರಿಹೋಯಿತು.

“ಹೋಗಿ ಮಾರಾಯ್ರೆ! ನಿಮ್ಮದೂ ಹೈಬ್ರಿಡ್ ಅಂತ ವಾಚ್‌ಮನ್‌ಗೆ ಗೊತ್ತುಂಟು. ಅವ ಬಿಡ್ತಾನೆ!”

“ಅವ ಬಿಡ್ತಾನೆ. ನಾವು ಇಬ್ರೇ ಅಲ್ವಾ ಬಾಯಮ್ಮ.”

ಕಾಕ ಜಪ್ಪಯ್ಯ ಎಂದರೂ ಕದಲಲಿಲ್ಲ. ನಾನು ಬಾಯಿಗೆ ಬಂದದ್ದೆಲ್ಲ ಹೇಳಿದೆ. ನಿಮಗೆ ಗೋಡೆಯ ಸರ್ಟಿಫಿಕೇಟೇ ದೊಡ್ಡದು, ತಾಯಿಯಿಲ್ಲದ ಹುಡುಗಿಯ ರೋಸು ಏನೂ ಅಲ್ಲ ಎಂದೆ. ಹೇಳಬಾರದಿತ್ತು. ಅವರು ಗಡಿಯಾರ ನೋಡಿದರು, ಗೇಟು ನೋಡಿದರು, ನನ್ನ ಚಪ್ಪಲಿ ನೋಡಿದರು.

“ಇಳೀರಿ,” ಎಂದರು.

“ಎಂತ?”

“ನಡೆಯುವವರಿಗೆ ಸಾಲಿಲ್ಲ ಬಾಯಮ್ಮ. ಬದಿಯ ಸಣ್ಣ ಗೇಟು ಓಪನ್ ಉಂಟು. ಜೋರು ನಡೆದ್ರೆ ಹತ್ತು ನಿಮಿಷ. ಹೋಗಿ, ಹೋಗಿ.”

“ನೀವು?”

“ಕಾರನ್ನು ತಲೆ ಮೇಲೆ ಹೊತ್ಕೊಂಡು ಬರ್ಲಿಕ್ಕೆ ಆಗ್ತದಾ? ನೀವು ಹೋಗಿ.”

ಎಸಿಯಿಂದ ಇಳಿದದ್ದೇ ಸೆಕೆಗೆ ಕನ್ನಡಕ ಮಂಜಾಯಿತು. ಒರೆಸುವಷ್ಟು ಪುರುಸೊತ್ತಿಲ್ಲ. ಸೀರೆ ನೆರಿಗೆ ಎತ್ತಿ ಹಿಡಿದು, ಕಾರುಗಳ ಪಕ್ಕದಲ್ಲಿ ಮರಳು ತುಳಿಯುತ್ತಾ ಓಡಿದೆ. ಕರಡಿಗೊಂಬೆಯ ಮಹಾನುಭಾವ ಕಿಟಕಿಯಿಂದ ಹಲ್ಲು ಕಿರಿದ. ಜೇಸು ಮರಿಯಾ ಎನ್ನುತ್ತಾ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿದಾಗ ಆರು ಐವತ್ತೆಂಟು. ಅಲ್ಲೇ ಗೋಡೆಗೊರಗಿ ನಿಂತು ಉಸಿರು ಬಿಟ್ಟೆ. ರಜೆ ಉಳಿಯಿತು ಎಂಬ ಖುಷಿಯಲ್ಲಿ ಕಾಕನ ನೆನಪು ಬಂದದ್ದೇ ಅರ್ಧ ಗಂಟೆಯ ಮೇಲೆ.

ಅವರು ಬಂದದ್ದು ಏಳು ಹನ್ನೆರಡಕ್ಕೆ. ಮಧ್ಯಾಹ್ನ ವಾಚ್‌ಮನ್ ಸಿಕ್ಕಿದಾಗ ನಗುತ್ತಾ ಹೇಳಿದ, ತಾನು ದೂರದಿಂದಲೇ ಕಂಡು, ಚಾಚಾ, ಈ ಕಡೆ ಬನ್ನಿ ಎಂದು ಮೂರು ಸಲ ಕೈ ಮಾಡಿ ಕರೆದನಂತೆ. ಕಾಕ ಕಿಟಕಿಯಿಂದ ಒಂದು ಬೆರಳು ಎತ್ತಿ ತೋರಿಸಿ, ಏಕ್ ನಫರ್ ಎಂದು ಅಲ್ಲೇ ನಿಂತರಂತೆ. ಸಂಜೆ ಕಾರಿನಲ್ಲಿ ನಾನು ಕ್ಷಮೆ ಕೇಳಲು ಬಾಯಿ ತೆರೆದರೆ ಅವರು “ಜಾಕೆಟ್ ಡಿಕ್ಕಿಯಲ್ಲಿ ಉಂಟು, ಮರಿಬೇಡಿ” ಎಂದರು. ಅಷ್ಟೇ. ಇಂಥ ಮನುಷ್ಯರ ಜತೆ ಜಗಳವಾಡುವುದಾದರೂ ಹೇಗೆ ಹೇಳಿ?

ಎರಡು ದಿನ ಬಿಟ್ಟು ಬೆಂಗಳೂರಿನ ಹುಡುಗಿ ಕೆಲಸಕ್ಕೆ ಬಂದಳು. ನನ್ನ ರಜೆಯ ಅರ್ಜಿ ಕೊಡಲು ಅವಳ ಕಿಟಕಿಗೆ ಹೋದೆ. ಅವಳು ಅರ್ಜಿಗೆ ಸೀಲು ಒತ್ತಿ, “ಡಿಸೆಂಬರ್ ಓಕೆ ಆಂಟಿ, ಲಿಸ್ಟಲ್ಲಿ ಮೇಲೇ ಇದೀರ” ಎಂದಳು. ಆಮೇಲೆ ಮೇಜಿನಿಂದ ಒಂದು ಹಳದಿ ಚೀಟಿ ಎತ್ತಿದಳು. ಲೇಟಾದವರು ಕಾರಣ ಬರೆದುಕೊಡುವ ಚೀಟಿ. ಹದಿನೇಳು ವರ್ಷದಲ್ಲಿ ಕಾಕ ಬರೆದ ಮೊದಲನೆಯದು.

“ನೋಡಿ ಆಂಟಿ, ಬ್ರಿಡ್ಜ್ ಮೇಲೆ ಆಕ್ಸಿಡೆಂಟ್ ಅಂತ ಒಂದು ಲೈನ್ ಬರೆದಿದ್ರೆ ಮ್ಯಾನೇಜರ್ ಮಾಫಿ ಮಾಡ್ತಿದ್ರು. ನಿಜಾನೇ ತಾನೆ? ಕ್ಲೀನ್ ಕಾರ್ಡ್ ಉಳೀತಿತ್ತು. ಅಂಕಲ್ ಏನ್ ಬರೆದಿದಾರೆ ನೋಡಿ.”

ಕಾರಣ ಎಂಬ ಖಾಲಿ ಜಾಗದಲ್ಲಿ, ಸ್ಟೋರಿನ ಪೆಟ್ಟಿಗೆಗಳ ಮೇಲೆ ಬರೆಯುವ ಅದೇ ದಪ್ಪ ಅಕ್ಷರದಲ್ಲಿ, ಇಷ್ಟೇ ಇತ್ತು: ಕಾರಿನಲ್ಲಿ ಎರಡೇ ನಫರ್.

“ಆದ್ರೆ ನೀವು ಆರು ಐವತ್ತೆಂಟಕ್ಕೇ ಪಂಚ್ ಮಾಡಿದೀರ, ಗೇಟಲ್ಲಿ ಅವರೊಬ್ಬರೇ ಇದ್ರಂತಲ್ಲ, ವಾಚ್‌ಮನ್ ಹೇಳ್ದ,” ಅವಳು ಕಂಪ್ಯೂಟರಿನಿಂದ ತಲೆಯೆತ್ತಿದಳು. “ಎರಡನೇದು ಯಾರು ಅಂತ ಬರ್ಕೊಳ್ಳಿ?”

ಕಿಟಕಿಯ ಕಂಬಿ ಹಿಡಿದುಕೊಂಡೆ.

“ನಾನು,” ಎಂದೆ. “ಆ ನಫರ್ ನಾನು.”