ತೊಟ್ಟಿಯ ತಳದ ಬಿಳಿ ಪುಡಿ

೨೦೨೧ರ ಜನವರಿ. ಐರ್ಲೆಂಡಿನ ಲೆಟರ್‌ಕೆನ್ನಿ ಸುತ್ತಮುತ್ತಲ ಕೋಳಿ ಫಾರಂಗಳಿಗೆ ನಾನು ಪಶುವೈದ್ಯ. ಕೋವಿಡ್‌ಗೆ ಹೆದರಿ ಜನ ಮನೆಯೊಳಗಿದ್ದರು. ಹಕ್ಕಿಜ್ವರದ ಭಯಕ್ಕೆ ಕೋಳಿಗಳನ್ನೂ ಶೆಡ್ಡಿನೊಳಗೇ ಇಡಬೇಕೆಂದು ಸರಕಾರದ ಆದೇಶವಾಗಿತ್ತು.

ಒಂದು ಬೆಳಿಗ್ಗೆ ಮೊರೀನ್ ಫೋನ್ ಮಾಡಿದರು. ಅರವತ್ತು ದಾಟಿದ ಆಕೆ ನಾನೂರು ಮೊಟ್ಟೆಕೋಳಿಗಳನ್ನು ಒಬ್ಬರೇ ಸಾಕುತ್ತಿದ್ದರು.

"ಡಾಕ್ಟರ್, ಇಪ್ಪತ್ತಾರು ಕೋಳಿ ಬಿದ್ದುಬಿಟ್ಟಿವೆ. ಏಳೋಕೇ ಆಗ್ತಿಲ್ಲ. ಹಕ್ಕಿಜ್ವರಾನಾ?"

ಹೌದಾದರೆ ಇಡೀ ಹಿಂಡನ್ನು ಕೊಲ್ಲಬೇಕು. ಇಲಾಖೆಗೆ ತಿಳಿಸಿದೆ, ಅವರು ಸ್ಯಾಂಪಲ್ ಒಯ್ದರು. ಎರಡು ದಿನ ಕಾದೆವು. ಕೊನೆಗೆ ರಿಪೋರ್ಟ್ ಬಂತು: ನೆಗೆಟಿವ್!

ಹಾಗಾದರೆ ಮತ್ತೇನು? ಮಾಸ್ಕ್ ಕಟ್ಟಿ ಶೆಡ್ಡಿಗೆ ಹೊಕ್ಕೆ. ಅಷ್ಟರಲ್ಲಿ ಒಂದು ಕೋಳಿ ಸತ್ತಿತ್ತು, ಕೊಯ್ದು ನೋಡಿದೆ. ಎದೆಮೂಳೆ ಸೊಟ್ಟಗಾಗಿತ್ತು. ಪಕ್ಕೆಲುಬನ್ನು ಬೆರಳಲ್ಲಿ ಒತ್ತಿದರೆ ಮುರಿಯದೆ ರಬ್ಬರಿನಂತೆ ಬಾಗಿತು. ಇದು ಕ್ಯಾಲ್ಸಿಯಂ ಕೊರತೆ. ಮೊಟ್ಟೆಯ ಚಿಪ್ಪು ಕಟ್ಟಲು ಕೋಳಿ ತನ್ನ ಮೂಳೆಯನ್ನೇ ಕರಗಿಸಿಕೊಂಡಿತ್ತು.

"ಏನು ತಿನ್ನೋಕೆ ಹಾಕ್ತಿದ್ದೀರಿ?"

"ಯಾವಾಗಲೂ ಹಾಕೋದೇ. ನಮ್ಮ ಹೊಲದ ಓಟ್ಸ್, ಬಾರ್ಲಿ, ಬಟಾಣಿ, ವಿಟಮಿನ್ ಪುಡಿ. ಲಾಕ್‌ಡೌನಲ್ಲಿ ಕಡಲ ಚಿಪ್ಪಿನ ಚೂರು ಬರಲಿಲ್ಲ ಅಂತ ಸುಣ್ಣಕಲ್ಲಿನ ಪುಡಿ ಬೆರೆಸ್ತಿದ್ದೀನಿ. ಅಳತೆ ಅಷ್ಟೇ ಇದೆ."

ಅಳತೆ ಸರಿಯಾಗಿಯೇ ಇತ್ತು. ಆದರೂ ಮೇವಿನ ತೊಟ್ಟಿಗೆ ಕೈ ಹಾಕಿದೆ. ಕಾಳೆಲ್ಲ ಖಾಲಿ, ತಳದಲ್ಲಿ ಎರಡು ಬೆರಳು ದಪ್ಪ ಬಿಳಿ ಪುಡಿ! ಕೋಳಿಗಳು ಕಾಳು ಹೆಕ್ಕಿಕೊಂಡು ಸುಣ್ಣವನ್ನೂ ವಿಟಮಿನ್ನನ್ನೂ ಹಾಗೇ ಬಿಟ್ಟಿದ್ದವು. ಬಯಲಲ್ಲಿ ಮೇಯುವಾಗ ಬಿಸಿಲು, ಹುಳು, ಮಣ್ಣು ಆ ಕೊರತೆಯನ್ನು ಅಷ್ಟಿಷ್ಟು ತುಂಬುತ್ತಿದ್ದವು. ಬಾಗಿಲು ಮುಚ್ಚಿದ ಮೇಲೆ ಅದೂ ತಪ್ಪಿತ್ತು.

"ಸಿಕ್ಕಿತು!" ಎಂದು ಕನ್ನಡದಲ್ಲೇ ಕೂಗಿಬಿಟ್ಟೆ. ಮೊರೀನ್ ಬೆಚ್ಚಿಬಿದ್ದರು.

ನುಣ್ಣನೆಯ ಪುಡಿ ಬೇಡ, ಕಾಳಿನಂತೆ ಕುಕ್ಕಿ ತಿನ್ನುವ ಚಿಪ್ಪಿನ ಚೂರೇ ಬೇಕು ಎಂದದ್ದೇ ತಡ, "ನನ್ನ ತಮ್ಮ ಸಮುದ್ರದಲ್ಲಿ ಆಯ್ಸ್ಟರ್ ಚಿಪ್ಪುಮೀನು ಬೆಳೀತಾನೆ!" ಎಂದು ಫೋನಿಗೆ ಓಡಿದರು. ಮಧ್ಯಾಹ್ನಕ್ಕೆ ಗೇಟಿನ ಬಳಿ ಮೂರು ಮೂಟೆ ಖಾಲಿ ಚಿಪ್ಪು ಬಂದಿತ್ತು. ಕುದಿಸಿ, ಎರಡು ಮೀಟರ್ ದೂರ ಕೂತು, ಇಬ್ಬರೂ ಸುತ್ತಿಗೆಯಿಂದ ಕುಟ್ಟಿದೆವು. ಕೋಳಿ ಮೊಟ್ಟೆಯ ಚಿಪ್ಪು ಕಟ್ಟುವುದು ರಾತ್ರಿ; ಅದಕ್ಕೆ ಚೂರುಗಳನ್ನು ಸಂಜೆಯೇ ಹಾಕಿಸಿದೆ. ವಿಟಮಿನ್ ಡಿ ನೀರಿಗೆ ಬೆರೆಸಿದೆವು. ಬಿದ್ದಿದ್ದ ಕೋಳಿಗಳನ್ನು ಬೇರೆ ಮಾಡಿ ಒಣಹುಲ್ಲಿನ ಹಾಸಿನ ಮೇಲೆ ಮಲಗಿಸಿದೆವು.

ಐದನೆಯ ದಿನ ವಿಡಿಯೊ ಕಾಲ್. ಮೊರೀನ್ ಫೋನನ್ನು ಕೋಳಿಗಳತ್ತ ತಿರುಗಿಸಿದರು.

"ನೋಡಿ ಡಾಕ್ಟರ್, ನಿಂತಿವೆ! ಗ್ರ್ಯಾಂಡ್ ಆಗಿ ನಿಂತಿವೆ!"

ಒಟ್ಟು ಐದು ಸತ್ತವು, ಇಪ್ಪತ್ತೊಂದು ಎದ್ದವು. ಮೊರೀನ್ ನಗುತ್ತಲೇ ಅತ್ತರು. ನನ್ನ ಕಣ್ಣೂ ಒದ್ದೆಯಾಯಿತು.

ನಾವು ಹಾಕಿದ ಮೇವು ಬೇರೆ, ಕೋಳಿ ತಿಂದ ಮೇವು ಬೇರೆ. ಓದಿನಲ್ಲಿ ಯಾರೂ ಇದನ್ನು ನನಗೆ ಹೇಳಿರಲಿಲ್ಲ, ಕೆಲಸವೇ ಕಲಿಸಿತು.