ಮೆತ್ತಗಿದ್ದದ್ದು ಎಲ್ಲಿ ಹೋಯಿತು

ಮೊನ್ನೆ ಮಗಳು ಬಾತ್‌ರೂಮಿಗೆಂದು ಹೊಸ ಪ್ಲಾಸ್ಟಿಕ್ ಪರದೆ ತಂದಳು. ಪ್ಯಾಕೆಟ್ ಬಿಚ್ಚುತ್ತಿದ್ದಂತೆ ಆ ವಾಸನೆ ಬಂತು… ಹೊಸ ಮೆತ್ತನೆಯ ಪ್ಲಾಸ್ಟಿಕ್ಕಿನ ಸಿಹಿ ಸಿಹಿ ವಾಸನೆ. ಅವಳಿಗೆ ಅದು ಬರೀ ಸ್ಮೆಲ್. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಇಷ್ಟು ವರ್ಷವಾದರೂ ಈ ಹೆದರಿಕೆ ಹೋಗಿಲ್ಲ. ವಾಸನೆಯ ಹಿಂದೆಯೇ, ಅಂಕೋಲಾ ಪೇಟೆಯಲ್ಲಿ ಎಣ್ಣೆ ಅಂಗಡಿ ಇಟ್ಟಿದ್ದ ಎಣ್ಣೆಯವರೂ ಕಣ್ಣ ಮುಂದೆ ಬಂದು ನಿಂತರು, ಹೆಗಲ ಮೇಲೆ ಅದೇ ಜಿಡ್ಡು ಟವೆಲ್.

ನಾನು ಕಾರವಾರದ ಕಾನ್ವೆಂಟಿನಲ್ಲಿ ಕಲಿತು, ಅಂಕೋಲೆಯಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು. ಎಣ್ಣೆಯವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಬ್ಯಾಂಕಿನ ಪತ್ರ, ಔಷಧದ ಚೀಟಿ, ಏನೇ ಬಂದರೂ "ಅಕ್ಕೋರು ಓದಿದ್ರೆ ಮುಗೀತು" ಎಂದು ನನ್ನ ಕೈಗೆ ಕೊಡುತ್ತಿದ್ದರು. ಅಂಗಡಿಯಲ್ಲಿ ಕೊಬ್ಬರಿ ಎಣ್ಣೆಯ ದೊಡ್ಡ ಡ್ರಮ್ಮು. ಅದರೊಳಗೆ ಇಳಿಬಿಟ್ಟ ಪ್ಲಾಸ್ಟಿಕ್ ಪೈಪಿನ ತುದಿಗೆ ಬಾಯಿಟ್ಟು ಒಮ್ಮೆ ಹೀರಿ, ಎಣ್ಣೆಯನ್ನು ನಮ್ಮ ಬಾಟಲಿಗೆ ಬಿಡುವರು. ಪೈಪು ಯಾವಾಗಲೂ ಎಣ್ಣೆಯಲ್ಲೇ ಇರುತ್ತಿತ್ತು.

ಆ ವರ್ಷ ನನ್ನ ಮಗಳು ಏಳು ತಿಂಗಳ ಬಸುರಿ, ಹೆರಿಗೆಗೆ ಬಂದಿದ್ದಳು. ಎಣ್ಣೆಯವರ ಸೊಸೆಗೂ ಹೆಚ್ಚುಕಡಿಮೆ ಅಷ್ಟೇ ತಿಂಗಳು. ಇಬ್ಬರಿಗೂ ಅದೇ ಡ್ರಮ್ಮಿನ ಎಣ್ಣೆ, ಅಡುಗೆಗೂ ಮೈಗೂ.

ಒಂದು ಬೆಳಿಗ್ಗೆ ಅವರು ಪೈಪನ್ನು ನನ್ನ ಮುಂದೆ ಹಿಡಿದರು. "ಇದ ನೋಡಿ ಅಕ್ಕೋರೆ. ತಂದಾಗ ಹಾವಿನಮರಿ ಹಾಂಗೆ ಬಳುಕ್ತಿತ್ತು. ಈಗ ನನ್ನ ಮೊಣಕಾಲ ಹಾಂಗೆ, ಮಡಚೂದೇ ಇಲ್ಲ."

ನಾನು ನಕ್ಕೆ. ಅವರು ನಗಲಿಲ್ಲ.

"ಎಣ್ಣೆ ತಾಗಿದ್ದು ಮೆತ್ತಗಾಗ್ಬೇಕು. ಇದು ಗಟ್ಟಿಯಾಯ್ತು. ಹಾಂಗಾದ್ರೆ ಅದರೊಳಗೆ ಮೆತ್ತಗಿದ್ದದ್ದು ಎಲ್ಲಿ ಹೋಯ್ತು?"

ಪೈಪು ಸುತ್ತಿ ಬಂದಿದ್ದ ಕವರನ್ನು ಹುಡುಕಿ ಕೊಟ್ಟರು. ಮೂಲೆಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರ. ಎಣ್ಣೆಗೂ ಜಿಡ್ಡಿನ ತಿನಿಸಿಗೂ ಬಳಸಬಾರದು ಎಂದಿತ್ತು. ಮತ್ತೊಮ್ಮೆ ಓದಿದೆ. ಒಳಬಾಗಿಲಲ್ಲಿ ಅವರ ಸೊಸೆ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ನನ್ನ ಬಾಯನ್ನೇ ನೋಡುತ್ತಿದ್ದಳು.

"ಎಂತ ಬರ್ದಾರೆ?" ಎಂದರು ಎಣ್ಣೆಯವರು.

"ಕಂಪನಿಯ ಹೆಸರು, ಸೈಜು. ಅಷ್ಟೇ" ಎಂದುಬಿಟ್ಟೆ.

ಯಾಕೆ ಹಾಗೆಂದೆನೋ… ಅವರಿಗೆ ಹೇಳಿದರೆ ನನ್ನ ಮಗಳಿಗೂ ಹೇಳಬೇಕು. ಬಾಯಿಬಿಟ್ಟು ಹೇಳಿದರೆ ನಿಜವಾಗಿಬಿಡುತ್ತದೆ ಎನ್ನುವ ದಡ್ಡ ಹೆದರಿಕೆ. ಮನೆಗೆ ಬಂದವಳೇ ನಮ್ಮ ಬಾಟಲಿಯನ್ನು ಹಿತ್ತಲಲ್ಲಿ ಸುರಿದೆ. ಅವರು ಅಲ್ಲಿ ಮಾರುತ್ತಲೇ ಇದ್ದರು.

ನಾಲ್ಕನೇ ದಿನ ತಡೆಯಲಾರದೆ, ಕಾರವಾರದ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿನಿಗೆ ಫೋನ್ ಮಾಡಿದೆ. ಈ ಪ್ಲಾಸ್ಟಿಕ್ಕು ಮೂಲದಲ್ಲಿ ಗಟ್ಟಿ, ಮೆತ್ತಗಾಗಲೆಂದು ಎಣ್ಣೆಯಂಥದ್ದೇ ಒಂದು ಕೆಮಿಕಲ್ ಬೆರೆಸುತ್ತಾರೆ, ನಿಜವಾದ ಎಣ್ಣೆ ತಾಗಿದರೆ ಅದು ಹೊರಗೆ ಬಂದುಬಿಡುತ್ತದೆ ಎಂದಳು. ಹೊಟ್ಟೆಯಲ್ಲಿರುವ ಮಗುವಿಗೆ ಏನಾದರೂ ಆಗುತ್ತದೆಯೇ ಎಂದು ಕೇಳಿದೆ.

"ಎಷ್ಟು ಹೋಗಿದೆಯೋ ಯಾರು ಹೇಳ್ತಾರೆ, ಮಿಸ್. ಮೊದಲು ನಿಲ್ಲಿಸಿ." ಆ ಕೆಮಿಕಲ್ಲಿನ ಬದಲು ಹರಳೆಣ್ಣೆ, ಸೋಯಾ ಎಣ್ಣೆಯಿಂದ ಮಾಡಿದ್ದನ್ನು ಬೆರೆಸಿದ ಪೈಪು ಈಗ ಬರುತ್ತಿದೆಯಂತೆ, ಇದಕ್ಕಿಂತ ವಾಸಿ, ತರಿಸಿಕೊಡುತ್ತೇನೆ ಎಂದಳು.

ಅಂಗಡಿಗೆ ಹೋಗಿ ಎಲ್ಲವನ್ನೂ ಹೇಳಿದೆ.

"ಅವತ್ತೇ ಓದಿದ್ರಾ ಅಕ್ಕೋರು?"

ಹೌದೆಂದು ತಲೆಯಾಡಿಸಿದೆ.

"ನಿಮ್ಮನೆ ಎಣ್ಣೆ?"

"ಚೆಲ್ಲಿದೆ."

ಅವರು ಬಾಗಿಲು ಹಾಕಿ, ಸೈಕಲ್ಲಿಗೆ ಖಾಲಿ ಡಬ್ಬ ಕಟ್ಟಿಕೊಂಡು ಹೊರಟರು. ಕೇಣಿ, ಶೆಟಗೇರಿ… ಸುತ್ತಲ ಊರುಗಳಲ್ಲಿ ಬಸುರಿ, ಬಾಣಂತಿ ಇದ್ದ ಒಂದೊಂದು ಮನೆಗೂ ಹೋಗಿ ಎಣ್ಣೆ ವಾಪಸು ಕೇಳಿದರು. ಎಣ್ಣೆಯಲ್ಲಿ ವಿಷವಂತೆ ಎಂದು ಪೇಟೆಯೆಲ್ಲ ಸುದ್ದಿ. ಅರ್ಧ ಗಿರಾಕಿಗಳು ತಪ್ಪಿದರು. ನನ್ನ ಹೆಸರು ಮಾತ್ರ ಅವರ ಬಾಯಿಂದ ಬರಲಿಲ್ಲ.

ಹೊಸ ಪೈಪು ಬರುವವರೆಗೆ ಸ್ಟೀಲಿನ ಸೌಟಿನಲ್ಲೇ ಅಳೆದರು. ಬಂದ ದಿನ ಅದನ್ನು ಮೂಸಿ, ತಂದುಕೊಟ್ಟ ನನ್ನ ವಿದ್ಯಾರ್ಥಿನಿಗೆ ಹೇಳಿದರು: "ಹರಳೆಣ್ಣೆದಾ? ಹಾಂಗಾದ್ರೆ ಇದು ನಮ್ಮ ನೆಂಟ್ರೇ." ಆದರೂ ಎಣ್ಣೆಯಲ್ಲಿ ಬಿಡುತ್ತಿರಲಿಲ್ಲ, ತೆಗೆದು, ಒರೆಸಿ, ದಿನಾ ಬೆಳಿಗ್ಗೆ ಬೆರಳಿಗೆ ಸುತ್ತಿ ನೋಡುತ್ತಿದ್ದರು, ಮೆತ್ತಗಿದೆಯೇ ಎಂದು.

ಎರಡೂ ಮಕ್ಕಳು ಚೆನ್ನಾಗಿಯೇ ಹುಟ್ಟಿದವು. ಮೊಮ್ಮಗನ ಬೆರಳುಗಳನ್ನು ಎಷ್ಟು ಸಲ ಎಣಿಸಿದೆನೋ. ಈಗಲೂ ಅವನಿಗೆ ಸಣ್ಣ ಜ್ವರ ಬಂದರೆ ನನಗೆ ಆ ಪೈಪೇ ಕಣ್ಣಿಗೆ ಕಟ್ಟುತ್ತದೆ.

ಎಣ್ಣೆಯವರು ಆಮೇಲೂ "ಬನ್ನಿ ಅಕ್ಕೋರೆ" ಎನ್ನುತ್ತಿದ್ದರು, ಎಣ್ಣೆ ಕೊಡುತ್ತಿದ್ದರು. ಆದರೆ ಇಂಗ್ಲಿಷ್ ಕಾಗದ ಬಂದರೆ ಪೋಸ್ಟ್‌ಮನ್ ಹತ್ತಿರ ಓದಿಸುತ್ತಿದ್ದರು. ನನ್ನ ಕೈಗೆ ಇನ್ನೊಂದು ಚೀಟಿಯನ್ನೂ ಕೊಡಲಿಲ್ಲ. ಅವರು ತೀರಿಹೋಗಿಯೂ ಆಯಿತು. ಆ ಅಂಗಡಿಯಲ್ಲಿ ಈಗ ಪ್ಯಾಕೆಟ್ ಎಣ್ಣೆ.

ಮೊನ್ನೆ ಪರದೆಯ ಕವರನ್ನು ಕಿಟಕಿಯ ಬೆಳಕಿಗೆ ಹಿಡಿದೆ. "ಏನು ಬರೆದಿದೆ ಅಮ್ಮಾ?" ಎಂದಳು ಮಗಳು. ಪೇಟೆಯ ಸುದ್ದಿ ಅಂದು ಅವಳ ಕಿವಿಗೂ ಬಿದ್ದಿತ್ತು. ನಾನು ಓದಿ ಬಚ್ಚಿಟ್ಟದ್ದು ಮಾತ್ರ ಅವಳಿಗೆ ಗೊತ್ತಿಲ್ಲ.

"ಕಂಪನಿಯ ಹೆಸರು, ಸೈಜು…" ಎಂದು ಶುರುಮಾಡಿ, ಕೊನೆಯ ಸಾಲಿನವರೆಗೂ ಗಟ್ಟಿಯಾಗಿ ಓದಿದೆ. ಅಂದು ಎಣ್ಣೆಯವರಿಗೆ ನಾನು ಓದಿ ಹೇಳಬೇಕಾಗಿದ್ದದ್ದು ಹೀಗೆ.